ಮೆಷಿನ್ ಬಂದು ಹೋದ ಮೇಲೂ ಪೈಪು ಯಾಕೆ ಕಟ್ಟುತ್ತದೆ? ಹೋಟೆಲು, ಮಂಟಪ ನಡೆಸುವವರಿಗೆ ಜೆಟ್ಟಿಂಗ್ ಮಾರ್ಗದರ್ಶಿ

ಕುಂಬಳೆಯಿರಲಿ, ಬದಿಯಡ್ಕವಿರಲಿ, ಉಪ್ಪಳವಿರಲಿ, ಹೋಟೆಲಿನವರೂ ಮಂಟಪದವರೂ ಕೇಳುವುದು ಒಂದೇ ಪ್ರಶ್ನೆ. "ಜೆಟ್ಟಿಂಗ್ ಮೆಷಿನ್ ತರಿಸಿ, ನೀರು ಹೊಡೆಸಿ ಪೈಪು ಕ್ಲೀನ್ ಮಾಡಿಸಿದೆವು. ಆ ದಿನ ನೀರು ಸರಾಗವಾಗಿ ಹೋಯಿತು. ಎರಡು ತಿಂಗಳಲ್ಲಿ ಮತ್ತೆ ಕಟ್ಟಿತು. ದುಡ್ಡು ದಂಡ ಅಲ್ವಾ?"

ದಂಡ ಅಲ್ಲ, ಕೆಲಸ ಅರ್ಧಕ್ಕೆ ನಿಂತಿದೆ ಅಷ್ಟೇ. ದೊಡ್ಡ ಪಟ್ಟಣಗಳಲ್ಲಿ ಪೈಪಿನ ಕೊಳೆಯನ್ನು ಮುಂದೆ ತಳ್ಳಿಬಿಟ್ಟರೆ ಅದು ರಸ್ತೆಯಡಿಯ ಒಳಚರಂಡಿ ಸೇರುತ್ತದೆ. ಕಾಸರಗೋಡಿನ ಕಡೆ ಹೆಚ್ಚಿನ ಕಟ್ಟಡಗಳಿಗೆ ಅಂಥ ಲೈನೇ ಇಲ್ಲ. ನಿಮ್ಮ ಅಡುಗೆಮನೆಯ ಪೈಪು ಹೋಗುವುದು ನಿಮ್ಮದೇ ಹಿತ್ತಲಿನ ಸೆಪ್ಟಿಕ್ ಟ್ಯಾಂಕಿಗೆ, ಅಲ್ಲಿಂದ ಇಂಗುಗುಂಡಿಗೆ. ಅದರ ಆಚೆ ಬಾವಿ ಇರುತ್ತದೆ. ಗುಡ್ಡದ ಬದಿಯಾದರೆ ಕೆಳಗೆ ಯಾರದ್ದೋ ಸುರಂಗವೂ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯೂ ಇರಬಹುದು. ಹಾಗಾಗಿ ಪೈಪಿನಿಂದ ತಳ್ಳಿದ್ದು ನಿಮ್ಮ ಜಾಗ ಬಿಟ್ಟು ಹೋಗುವುದಿಲ್ಲ. ತಳ್ಳಿದ್ದನ್ನು ಹೊರಗೆ ತೆಗೆದರೆ ಮಾತ್ರ ಕೆಲಸ ಮುಗಿದ ಲೆಕ್ಕ. ಈ ಬರಹ ಪೂರ್ತಿ ಇದರ ಸುತ್ತವೇ ತಿರುಗುತ್ತದೆ.

ಜೆಟ್ಟಿಂಗ್ ಅಂದರೆ ಏನು?

ಪಂಪು ನೀರನ್ನು ಒತ್ತಿ ಸಪೂರ ಹೋಸಿಗೆ ಕಳಿಸುತ್ತದೆ. ಹೋಸಿನ ತುದಿಯಲ್ಲಿ ನಾಝಲ್, ಅಂದರೆ ಸಣ್ಣ ತೂತುಗಳಿರುವ ಲೋಹದ ಮೂತಿ. ತಮಾಷೆ ಇರುವುದು ಆ ತೂತುಗಳಲ್ಲಿ. ಹೆಚ್ಚಿನವು ಹಿಂದಕ್ಕೆ ಮುಖ ಮಾಡಿರುತ್ತವೆ. ನೀರು ಹಿಂದಕ್ಕೆ ಚಿಮ್ಮಿದಾಗ ನಾಝಲ್ ತಾನೇ ಮುಂದೆ ಓಡುತ್ತದೆ, ಹೋಸನ್ನೂ ಎಳೆದುಕೊಂಡು ಹೋಗುತ್ತದೆ. ವಾಪಸು ಎಳೆಯುವಾಗ ಅದೇ ನೀರು ಪೈಪಿನ ಗೋಡೆ ಕೆರೆದು ಕೊಳೆಯನ್ನು ನಿಮ್ಮ ಕಡೆಗೆ ತರುತ್ತದೆ. ಅಂದರೆ ಹೋಗುವಾಗ ದಾರಿ ಮಾಡಿಕೊಳ್ಳುವುದು, ಕ್ಲೀನ್ ಮಾಡುವುದು ಬರುವಾಗ. ಇದು ತಿಳಿಯದ ಕೆಲಸದವರು ಹೋಸು ಒಳಗೆ ಬಿಟ್ಟು, ನೀರು ಹೋಗಲು ಶುರುವಾದ ಕೂಡಲೇ ಸರ್ರನೆ ಎಳೆದುಬಿಡುತ್ತಾರೆ. ಕೊಬ್ಬಿನ ಮಧ್ಯೆ ಒಂದು ತೂತು ಬಿದ್ದಿರುತ್ತದೆ, ಅಷ್ಟೇ. ಎರಡು ತಿಂಗಳಲ್ಲಿ ಮತ್ತೆ ಕಟ್ಟುವುದು ಅದೇ.

ಎರಡು ಅಳತೆ ನೆನಪಿಡಿ. ಒಂದು ಪ್ರೆಶರ್, ಅದನ್ನು ಬಾರ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಕಾರಿನ ಟಯರಿನಲ್ಲಿ ಇರುವುದು ಸುಮಾರು 2 ಬಾರ್. ಕೆಲವರು ಪಿಎಸ್‌ಐ ಲೆಕ್ಕ ಹೇಳಬಹುದು, 1 ಬಾರ್ ಅಂದರೆ 14.5 ಪಿಎಸ್‌ಐ. ಇನ್ನೊಂದು ಫ್ಲೋ, ನಿಮಿಷಕ್ಕೆ ಎಷ್ಟು ಲೀಟರ್ ಅನ್ನುವುದು. ಪ್ರೆಶರ್ ಕತ್ತರಿಸುತ್ತದೆ, ಫ್ಲೋ ಕೊಚ್ಚಿಕೊಂಡು ಬರುತ್ತದೆ. ಎರಡೂ ಬೇಕು. ಕಾರು ತೊಳೆಯುವ ಮೆಷಿನ್ನಿನಲ್ಲೂ 100 ಬಾರ್ ಬರುತ್ತದೆ, ಆದರೆ ನೀರು ನಿಮಿಷಕ್ಕೆ ಹತ್ತು ಲೀಟರಿನ ಆಸುಪಾಸು. ಮನೆಯ ಸಿಂಕಿನ ಪೈಪಿಗೆ ಪರವಾಗಿಲ್ಲ. ಹೋಟೆಲಿನ ಆರು ಇಂಚಿನ ಲೈನಿಗೆ ಅದು ಬರೀ ಚಿಮುಕಿಸಿದ ಹಾಗೆ. "ನಮ್ಮಲ್ಲೂ ಪ್ರೆಶರ್ ಮೆಷಿನ್ ಉಂಟು" ಎಂದು ಹೇಳಿದವರಿಗೆಲ್ಲ ಕೆಲಸ ಕೊಡಬೇಡಿ.

ನಮ್ಮ ಪೈಪಿನೊಳಗೆ ಇರುವುದೇನು?

ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಕೂತಿರುವುದನ್ನು ನೀವೇ ನೋಡಿರುತ್ತೀರಿ. ನೆಲದಡಿಯ ಪೈಪಿನಲ್ಲೂ ಎಣ್ಣೆ ತಣಿದು ಗೋಡೆಗೆ ಮೆತ್ತಿಕೊಳ್ಳುತ್ತದೆ. ಜೊತೆಗೆ ಕುಚ್ಚಲಕ್ಕಿಯ ಗಂಜಿ, ತೆಂಗಿನಕಾಯಿ ತುರಿಯ ಜಿಗಟು, ಮೀನಿನ ಹುರುಪೆ, ಪಾತ್ರೆ ತೊಳೆದ ಸೋಪು. ಎಲ್ಲ ಸೇರಿ ಬೂದು ಬಣ್ಣದ ಒಂದು ಪದರ ಆಗುತ್ತದೆ. ಮೊದಲು ಬೆಣ್ಣೆಯಂತೆ ಇರುತ್ತದೆ, ವರ್ಷ ಕಳೆದರೆ ಸುಣ್ಣದಂತೆ ಗಟ್ಟಿಯಾಗುತ್ತದೆ. ಬಿಸಿನೀರು ಹೊಯ್ದರೆ ಕರಗುವುದು ನಿಜ. ಆದರೆ ಹತ್ತಡಿ ಮುಂದೆ ಹೋಗಿ, ತಣಿದು, ಮತ್ತೆ ಅಲ್ಲಿ ಕೂರುತ್ತದೆ. ಸಿಂಕಿನ ಹತ್ತಿರ ಇದ್ದ ತೊಂದರೆ ಕೈಗೆ ಸಿಗದ ಜಾಗಕ್ಕೆ ಹೋದಂತಾಯಿತು.

ಇನ್ನು ಹಂತಗಳು.

1. ಲೈನು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಗುರುತು ಮಾಡಿ

ಮೆಷಿನ್ ಬರುವ ಎರಡು ದಿನ ಮೊದಲೇ ಈ ಕೆಲಸ ಆಗಬೇಕು. ಕಟ್ಟಡ ಕಟ್ಟಿದವರು ನಕ್ಷೆ ಕೊಟ್ಟಿರುವುದಿಲ್ಲ. ಕೊಟ್ಟಿದ್ದರೂ ನೆಲದಡಿ ಇರುವುದು ಬೇರೆಯೇ. ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ ಒಂದೊಂದೇ ಸಿಂಕು, ಒಂದೊಂದೇ ಟಾಯ್ಲೆಟ್ಟಿಗೆ ಹೊಯ್ಯಿರಿ. ಯಾವ ಚೇಂಬರಿನಲ್ಲಿ ಬಂತು ನೋಡಿ. ಚೇಂಬರ್ ಅಂದರೆ ಪೈಪುಗಳು ಸೇರುವ ಕಡೆ ಕಟ್ಟಿರುವ ಮುಚ್ಚಳದ ಚೌಕ ಗುಂಡಿ. ಪೂರ್ತಿ ಕಟ್ಟಿ ನೀರೇ ಇಳಿಯದ ಲೈನಾದರೆ ಯಾವ ಚೇಂಬರು ತುಂಬಿದೆ, ಯಾವುದು ಒಣಗಿದೆ ನೋಡಿದರೆ ಸಾಕು. ತುಂಬಿದ್ದಕ್ಕೂ ಒಣಗಿದ್ದಕ್ಕೂ ನಡುವೆ ಬ್ಲಾಕ್ ಇದೆ.

ಟೈಲ್ಸ್ ಹಾಕುವಾಗ ಚೇಂಬರ್ ಮುಚ್ಚಿಬಿಡುವುದು ನಮ್ಮಲ್ಲಿ ಮಾಮೂಲು. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ ಕಡೆ ಅಂತೂ ಕೇಳುವುದೇ ಬೇಡ. ಆಗಲೇ ಅದನ್ನು ಹುಡುಕಿ ಬಿಡಿಸಿ. ಗಂಟೆಗೆ ಬಾಡಿಗೆ ಕೊಟ್ಟು ತರಿಸಿದ ಮೆಷಿನ್ ಎದುರು ನಿಂತು ಇಂಟರ್‌ಲಾಕ್ ಕೀಳುವುದು ಬೇಡ.

ಒಂದು ಹಾಳೆಯಲ್ಲಿ ಗೀಟು ಎಳೆದು ಇಟ್ಟುಕೊಳ್ಳಿ. ಬಾವಿ ಎಲ್ಲಿದೆ ಎನ್ನುವುದನ್ನೂ ಬರೆಯಿರಿ. ಕೇರಳದ ಕಟ್ಟಡ ನಿಯಮದ ಪ್ರಕಾರ ಕುಡಿಯುವ ನೀರಿನ ಬಾವಿಗೂ ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿಗೂ ನಡುವೆ 7.5 ಮೀಟರ್ ಬಿಡಬೇಕು. ಹಳೆಯ ಕಟ್ಟಡಗಳಲ್ಲಿ ಇದು ಎಷ್ಟೋ ಕಡೆ ಪಾಲನೆಯಾಗಿಲ್ಲ. ನಿಮ್ಮದು ಹಾಗಿದ್ದರೆ ಮುಂದೆ ಹೇಳುವ 5ನೇ ಹಂತವನ್ನು ಎರಡು ಸಲ ಓದಿ.

2. ಪೈಪು ಯಾವುದು ಎಂದು ತಿಳಿದುಕೊಳ್ಳಿ

ಪೈಪಿನ ಮೇಲಿನ ಬರಹ ಓದಿ. ಕೊಳೆನೀರಿನ ಪಿವಿಸಿ ಪೈಪಿಗೆ ಐಎಸ್ 13592 ಎಂಬ ಗುಣಮಟ್ಟ ಇದೆ. ಅದರಲ್ಲಿ ಎರಡು ಜಾತಿ: ಮಳೆನೀರಿಗೂ ಗಾಳಿ ಪೈಪಿಗೂ ಟೈಪ್ ಎ, ಟಾಯ್ಲೆಟ್ಟು ಮತ್ತು ಅಡುಗೆಮನೆಗೆ ಟೈಪ್ ಬಿ. 110 ಮಿಲಿಮೀಟರ್ ಪೈಪಿನಲ್ಲಿ ಬಿ ಜಾತಿಯ ಗೋಡೆ 3.2 ಮಿಲಿಮೀಟರ್, ಎ ಜಾತಿಯದ್ದು 2.2. ದುಡ್ಡು ಉಳಿಸಲು ಎ ಹಾಕಿದ ಕಟ್ಟಡಗಳು ಬೇಕಾದಷ್ಟಿವೆ. ಅಂಥ ಕಡೆ ಪ್ರೆಶರ್ ಕಡಿಮೆ ಇರಲಿ.

ನಾನು ಇಟ್ಟುಕೊಂಡಿರುವ ಲೆಕ್ಕ ಹೀಗೆ. ಒಳ್ಳೆಯ ಸ್ಥಿತಿಯ ಪಿವಿಸಿಗೆ 80 ಬಾರಿನಿಂದ ಶುರು ಮಾಡಿ, ಬೇಕಾದರೆ ನಿಧಾನ ಏರಿಸಿ, 150 ದಾಟಬೇಡಿ. ಹಳೆಯ ಮಣ್ಣಿನ ಪೈಪು, ಅಂದರೆ ಕಂದು ಬಣ್ಣದ ಹೊಳಪಿನ ಸ್ಟೋನ್‌ವೇರ್, ಪೈಪಾಗಿ ಗಟ್ಟಿಯೇ. ಆದರೆ ಅದರ ಸಿಮೆಂಟ್ ಜಾಯಿಂಟು ಹೋಗಿರುತ್ತದೆ. ಅಲ್ಲಿ ಜೆಟ್ ಒಂದೇ ಕಡೆ ನಿಂತರೆ ಹೊರಗಿನ ಮಣ್ಣು ಕರಗಿ ಒಳಗೆ ಬರುತ್ತದೆ. ಚೇಂಬರಿಗೆ ಕೆಂಪು ಮಣ್ಣು ನೀರು ಬರಲು ಶುರುವಾದರೆ ತಕ್ಷಣ ನಿಲ್ಲಿಸಿ. ಪೈಪು ಎಲ್ಲೋ ಒಡೆದಿದೆ.

3. ಮಾತು ಮೊದಲೇ ಆಗಲಿ

ಮಂಗಳೂರಿನಿಂದ ತಲಪಾಡಿ ದಾಟಿ ಬರುವ ಮೆಷಿನ್ ಇರಬಹುದು, ಕಾಞಂಗಾಡು ಕಡೆಯದ್ದಿರಬಹುದು. ಫೋನಿನಲ್ಲೇ ಇಷ್ಟು ಕೇಳಿ: ಎಷ್ಟು ಬಾರ್, ನಿಮಿಷಕ್ಕೆ ಎಷ್ಟು ಲೀಟರ್, ಹೋಸು ಎಷ್ಟು ಮೀಟರ್, ಯಾವ ಯಾವ ನಾಝಲ್ ತರುತ್ತೀರಿ. ನಾಲ್ಕರಿಂದ ಆರು ಇಂಚಿನ ಹೋಟೆಲ್ ಲೈನಿಗೆ ನಿಮಿಷಕ್ಕೆ 40 ಲೀಟರಾದರೂ ಬೇಕು. ಕೊಬ್ಬಿಗೆ ಸುತ್ತುವ ನಾಝಲ್ ಒಳ್ಳೆಯದು. ಪೂರ್ತಿ ಕಟ್ಟಿದ್ದರೆ ಮುಂದಕ್ಕೂ ಒಂದು ತೂತಿರುವ ನಾಝಲ್ ಬೇಕು. ಚೈನ್ ಬೀಸುವ ನಾಝಲ್ಲನ್ನು ಪಿವಿಸಿಗೆ ಹಾಕಲು ಬಿಡಲೇಬೇಡಿ.

ಬಾಡಿಗೆ ಗಂಟೆಗೋ, ಮೀಟರಿಗೋ, ಒಟ್ಟಿಗೋ ಕೇಳಿ. ಹೀರುವ ಲಾರಿ ಅದರಲ್ಲಿ ಸೇರಿದೆಯಾ ಎಂದೂ ಕೇಳಿ. ಹೆಚ್ಚಾಗಿ ಸೇರಿರುವುದಿಲ್ಲ. ಹೀರಿದ್ದನ್ನು ಎಲ್ಲಿಗೆ ಒಯ್ಯುತ್ತೀರಿ ಎನ್ನುವುದು ಕೊನೆಯ ಪ್ರಶ್ನೆ. "ಅದು ನಮಗೆ ಬಿಡಿ" ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ. ರಾತ್ರಿ ಯಾವುದೋ ತೋಡಿಗೆ ಬಿಟ್ಟರೆ ಹುಡುಕಿಕೊಂಡು ಬರುವುದು ನಿಮ್ಮ ಹೋಟೆಲಿನ ಹೆಸರು. ಯಾರಿಗೆ ಅನುಮತಿ ಇದೆ ಎಂದು ಪಂಚಾಯತಿನಲ್ಲೋ ನಗರಸಭೆಯಲ್ಲೋ ವಿಚಾರಿಸಿ.

4. ನೀರು ಮತ್ತು ದಿನ

ನಿಮಿಷಕ್ಕೆ 40 ಲೀಟರ್ ಅಂದರೆ 1000 ಲೀಟರಿನ ಟಾಂಕಿ 25 ನಿಮಿಷಕ್ಕೆ ಖಾಲಿ. ಒಂದೂವರೆ ಗಂಟೆಯ ಕೆಲಸಕ್ಕೆ 3600 ಲೀಟರ್ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ತಳ ಕಾಣುವಾಗ ಇಷ್ಟು ನೀರು ಎಲ್ಲಿಂದ? ಜೂನ್ ಬಂದರೆ ನೆಲದೊಳಗೆ ನೀರು ತುಂಬಿ ಇಂಗುಗುಂಡಿ ಏನನ್ನೂ ಕುಡಿಯುವುದಿಲ್ಲ. ಹಾಗಾಗಿ ಅಕ್ಟೋಬರ್, ನವೆಂಬರ್ ಒಳ್ಳೆಯ ಹೊತ್ತು. ಬಾವಿಯಲ್ಲಿ ನೀರಿರುತ್ತದೆ, ಮಣ್ಣೂ ಮತ್ತೆ ನೀರು ಕುಡಿಯುತ್ತದೆ. ಮಂಟಪದವರು ಆಟಿಯಲ್ಲಿ, ಅಂದರೆ ಜುಲೈ, ಆಗಸ್ಟಿಗೆ ಬರುವ ತುಳು ತಿಂಗಳಲ್ಲಿ, ಮದುವೆ ಇಲ್ಲ ಎಂದು ಆಗ ಮಾಡಿಸಲು ನೋಡುತ್ತಾರೆ. ಬಿಡುವೇನೋ ಹೌದು, ಮಳೆ ಬಿಡಬೇಕಲ್ಲ.

ಮೆಷಿನ್ನಿನ ಹೋಸನ್ನು ನೇರ ಬಾವಿಗೋ ಕುಡಿಯುವ ನೀರಿನ ಟಾಂಕಿಗೋ ಇಳಿಸಬೇಡಿ. ಕೊಳೆ ಮುಟ್ಟಿದ ಹೋಸು ಅದು. ಬೇರೆ ಡ್ರಮ್ಮು ಇಟ್ಟು ಮೇಲಿನಿಂದ ನೀರು ಬೀಳುವ ಹಾಗೆ ಮಾಡಿ.

5. ಕೆಳಗಿನ ಬಾಯಿ ಕಟ್ಟಿ, ಹೀರುವ ಲಾರಿ ನಿಲ್ಲಿಸಿ

ಹೆಚ್ಚಿನವರು ಬಿಡುವ ಹಂತ ಇದೇ. ಲೆಕ್ಕ ಹಾಕಿ ನೋಡಿ. 3600 ಲೀಟರ್ ನೀರು, ಅದರೊಟ್ಟಿಗೆ ವರ್ಷಗಳ ಕೊಬ್ಬು, ಎಲ್ಲ ಒಂದೂವರೆ ಗಂಟೆಯಲ್ಲಿ ಸೆಪ್ಟಿಕ್ ಟ್ಯಾಂಕಿಗೆ ನುಗ್ಗಿದರೆ ಏನಾಗುತ್ತದೆ? ತಳದಲ್ಲಿ ಕೂತ ಗಸಿ ಕಲಕಿ ಎದ್ದು ಇಂಗುಗುಂಡಿಗೆ ಹೋಗುತ್ತದೆ. ನಮ್ಮದು ಮುರಕಲ್ಲಿನ ನೆಲ. ಅದರ ಸಣ್ಣ ತೂತುಗಳಲ್ಲಿ ನೀರು ಇಂಗುತ್ತದೆ. ಆ ತೂತುಗಳಿಗೆ ಕೊಬ್ಬು ಮೆತ್ತಿಕೊಂಡರೆ ಮುಗಿಯಿತು, ಗುಂಡಿ ಬಾಯಿ ಮುಚ್ಚಿದ ಹಾಗೆ. ಆಮೇಲೆ ಪೈಪು ಎಷ್ಟು ಕ್ಲೀನಿದ್ದರೇನು, ನೀರು ಹೋಗಲು ಜಾಗವೇ ಇಲ್ಲ. ಮೆಷಿನ್ ಬಂದು ಹೋಗಿ ಎರಡು ತಿಂಗಳಿಗೆ "ಪೈಪು ಮತ್ತೆ ಕಟ್ಟಿತು" ಎಂದು ಬರುವ ದೂರಿನಲ್ಲಿ ಎಷ್ಟೋ ಸಲ ಕಟ್ಟಿರುವುದು ಪೈಪಲ್ಲ, ಗುಂಡಿ.

ಆದ್ದರಿಂದ ಕೆಲಸ ಮಾಡುವ ಲೈನಿನ ಕೊನೆಯ ಚೇಂಬರಿನಲ್ಲಿ, ಟ್ಯಾಂಕಿಗೆ ಹೋಗುವ ಪೈಪಿನ ಬಾಯಿಗೆ ಗಾಳಿ ತುಂಬುವ ರಬ್ಬರ್ ಪ್ಲಗ್ ಹಾಕಿಸಿ. ಅದು ಇಲ್ಲದಿದ್ದರೆ ಗೋಣಿಯಲ್ಲಿ ಮರಳು ತುಂಬಿ ಹಗ್ಗ ಕಟ್ಟಿ ಇಳಿಸಿದರೂ ನಡೆಯುತ್ತದೆ. ಹಗ್ಗ ಮರೆಯಬೇಡಿ, ಗೋಣಿಯೇ ಹೊಸ ಬ್ಲಾಕ್ ಆಗಬಾರದು. ಹೀರುವ ಲಾರಿಯ ಪೈಪು ಅದೇ ಚೇಂಬರಿನಲ್ಲಿರಲಿ. ಜೆಟ್ ಎಳೆದು ತಂದದ್ದನ್ನು ಅದು ಹೀರುತ್ತಿರಬೇಕು. ಗ್ರೀಸ್ ಟ್ರ್ಯಾಪ್, ಅಂದರೆ ಅಡುಗೆಮನೆಯ ನೀರಿನಿಂದ ಎಣ್ಣೆ ತೇಲಿಸಿ ತಡೆಯುವ ತೊಟ್ಟಿ, ಇದ್ದರೆ ಅದನ್ನು ಮೊದಲೇ ಖಾಲಿ ಮಾಡಿಸಿ.

ಟ್ಯಾಂಕನ್ನೂ ಆ ದಿನವೇ ಹೀರಿಸುವುದಾದರೆ ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಫೈಬರ್ ಅಥವಾ ಪ್ಲಾಸ್ಟಿಕ್ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಬಿಟ್ಟರೆ ಸುತ್ತಲಿನ ನೀರು ಅದನ್ನು ದೋಣಿಯ ಹಾಗೆ ಮೇಲೆತ್ತುತ್ತದೆ. ಹೀರಿಸಿದ ಕೂಡಲೇ ನೀರು ತುಂಬಿಸಿ.

6. ಯಾರೂ ಒಳಗೆ ಇಳಿಯಬಾರದು

ಇದಕ್ಕೆ ಬೇರೆ ನಂಬರು ಕೊಟ್ಟಿದ್ದೇನೆ, ಯಾಕೆಂದರೆ "ಒಂದು ನಿಮಿಷ, ಕೈ ಹಾಕಿ ತೆಗೆದುಬಿಡ್ತೇನೆ" ಎಂದು ಇಳಿಯುವವರು ಈಗಲೂ ಇದ್ದಾರೆ. ಚೇಂಬರಿನಲ್ಲೂ ಟ್ಯಾಂಕಿನಲ್ಲೂ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಗಾಳಿ. ಜೆಟ್ ಗಸಿಯನ್ನು ಕಲಕಿದಾಗ ಅದು ಒಮ್ಮೆಲೇ ಜಾಸ್ತಿ ಏಳುತ್ತದೆ. ಸ್ವಲ್ಪ ಇರುವಾಗ ವಾಸನೆ ಗೊತ್ತಾಗುತ್ತದೆ. ಹೆಚ್ಚಾದರೆ ಮೂಗೇ ಸತ್ತುಹೋಗಿ ವಾಸನೆ ಇಲ್ಲವೆನಿಸುತ್ತದೆ. ವಾಸನೆ ಹೋಯಿತೆಂದು ಇಳಿದವರು ಹತ್ತಿ ಬರುವುದಿಲ್ಲ, ತೆಗೆಯಲು ಹೋದವರೂ ಬರುವುದಿಲ್ಲ. ಮುಚ್ಚಳ ತೆಗೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ, ಹತ್ತಿರ ಬೀಡಿ ಹಚ್ಚಲು ಬಿಡಬೇಡಿ, ಮೀಥೇನ್ ಹೊತ್ತಿಕೊಳ್ಳುತ್ತದೆ. ಗಾಳಿಯಾಡಿದ ಮೇಲೂ ಇಳಿಯುವ ಮಾತು ಬೇಡ.

ಸುರಕ್ಷತೆಯ ಸಲಕರಣೆ ಇಲ್ಲದೆ ಜನರನ್ನು ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸುವುದು, ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯಿದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಂಥ ಸಾವಿನ ಪರಿಹಾರವನ್ನು ಸುಪ್ರೀಂ ಕೋರ್ಟು 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ಗುತ್ತಿಗೆದಾರನಿಗೆ ವಹಿಸಿದ್ದೆ, ನನಗೇನು ಗೊತ್ತು ಎನ್ನುವುದು ನಡೆಯುವುದಿಲ್ಲ.

7. ಕೆಳಗಿನಿಂದ ಮೇಲಕ್ಕೆ ಹೊಡೆಯಿರಿ

ಮೊದಲು ಕಟ್ಟಡದೊಳಗೆ ಒಂದು ಸುತ್ತು ಬನ್ನಿ. ಎಲ್ಲ ಕಮೋಡಿನ ಮುಚ್ಚಳ ಹಾಕಿ, ನೆಲದ ಜಾಲಿಗಳ ಮೇಲೆ ಒದ್ದೆ ಗೋಣಿ ಇಟ್ಟು ಭಾರ ಹೇರಿ, ಟಾಯ್ಲೆಟ್ಟಿಗೆ ಬೀಗ ಹಾಕಿ. ಜೆಟ್ಟಿನ ನೀರು, ಗಾಳಿ ವಾಪಸು ನುಗ್ಗುವುದುಂಟು. ಒಮ್ಮೆ ನಾನು ಈ ಸುತ್ತು ಮರೆತೆ. ನೆಲಮಾಳಿಗೆಯ ಬಾತ್‌ರೂಮಿನ ಗೋಡೆಗೆ ಸೀಲಿಂಗಿನವರೆಗೆ ಹೊಸ ಬಣ್ಣ ಹೊಡೆಸಬೇಕಾಯಿತು, ನನ್ನದೇ ದುಡ್ಡಲ್ಲಿ.

ಹೋಸನ್ನು ಕೆಳಗಿನ ಚೇಂಬರಿನಿಂದ, ಅಂದರೆ ಟ್ಯಾಂಕಿನ ಹತ್ತಿರದ ಕಡೆಯಿಂದ ಒಳಗೆ ಬಿಡಬೇಕು. ಮೇಲಿನಿಂದ ಬಿಟ್ಟರೆ ಕೊಳೆ ಏರು ಹತ್ತಿ ನಿಮ್ಮ ಕಡೆ ಬರಬೇಕು, ಇಳಿಜಾರಿನ ಸಹಾಯ ಸಿಗುವುದಿಲ್ಲ. ಆದರೂ ಹೆಚ್ಚಿನವರು ಸಿಂಕಿನ ಹತ್ತಿರದಿಂದಲೇ ಶುರು ಮಾಡುತ್ತಾರೆ, ಅದು ಸುಲಭ ಅಂತ.

ನಾಝಲ್ ಪೈಪಿನೊಳಗೆ ಎರಡಡಿ ಹೋದ ಮೇಲೆಯೇ ಪಂಪು ಚಾಲೂ ಆಗಬೇಕು. ಹೋಸಿನ ತುದಿಯಿಂದ ಒಂದು ಮೀಟರಿನ ಕಡೆ ಕೆಂಪು ಟೇಪು ಸುತ್ತಿರಿ. ಎಳೆಯುವಾಗ ಟೇಪು ಕಂಡಿತೆಂದರೆ ಪಂಪು ಬಂದ್. ಚಾಲೂ ಇರುವ ನಾಝಲ್ ಹೊರಗೆ ಬಂದರೆ ಹಾವಿನ ಹಾಗೆ ಹೊಡೆದಾಡುತ್ತದೆ. ಅಗಲ ಪೈಪಿನಲ್ಲಿ ಗಿಡ್ಡ ನಾಝಲ್ ಒಳಗೇ ಹಿಂದೆ ತಿರುಗಿ ನಿಮ್ಮ ಕಡೆಗೇ ಬರುವುದೂ ಉಂಟು. ನಾಝಲ್ ಮತ್ತು ಅದರ ಹಿಂದಿನ ಗಟ್ಟಿ ತುಂಡು ಸೇರಿ ಪೈಪಿನ ಅಗಲಕ್ಕಿಂತ ಉದ್ದ ಇರಬೇಕು.

ಹದಿನೈದು, ಇಪ್ಪತ್ತು ಅಡಿ ಮುಂದೆ ಹೋಗಲಿ. ಅಲ್ಲಿಂದ ನಿಧಾನ ಎಳೆಯಿರಿ. ಎಷ್ಟು ನಿಧಾನ? ಒಂದು ಮೀಟರಿಗೆ ಹತ್ತು ಸೆಕೆಂಡಾದರೂ ಹಿಡಿಯಲಿ. ಕೊಬ್ಬಿನ ಉಂಡೆಗಳು ಬರುವುದು ನಿಂತ ಮೇಲೆ ಮುಂದಿನ ಇಪ್ಪತ್ತಡಿ. ಹೀಗೆ ತುಂಡು ತುಂಡಾಗಿ. ಒಮ್ಮೆಲೇ ಕೊನೆಯವರೆಗೆ ಹೋದರೆ ಬಿಡಿಸಿದ್ದೆಲ್ಲ ಹೋಸಿನ ಹಿಂದೆ ರಾಶಿ ಬಿದ್ದು ಹೋಸೇ ಸಿಕ್ಕಿಹಾಕಿಕೊಳ್ಳುತ್ತದೆ. ನಾಝಲ್ ಎಲ್ಲಾದರೂ ನಿಂತರೆ ಪ್ರೆಶರ್ ಏರಿಸುವುದಲ್ಲ, ಒಂದಡಿ ಹಿಂದೆ ಎಳೆದು ಮತ್ತೆ ಬಿಡಿ. ಮೂರು ಸಲವೂ ಅದೇ ಜಾಗದಲ್ಲಿ ನಿಂತರೆ ಅಲ್ಲಿ ಕೊಬ್ಬಲ್ಲ, ಬೇರು, ಒಡೆದ ಪೈಪು ಅಥವಾ ಸಿಮೆಂಟು ಇದೆ. ಹೋಸು ಎಷ್ಟು ಮೀಟರ್ ಹೋಗಿದೆ ಎಂದು ಬರೆದಿಟ್ಟುಕೊಳ್ಳಿ.

ಎಂಜಿನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಹೋಸು ಹಿಡಿದವನಿಗೂ ಪಂಪಿನ ಹತ್ತಿರ ಇರುವವನಿಗೂ ಕೈಸನ್ನೆ ಮೊದಲೇ ಗೊತ್ತಿರಬೇಕು. ಒಬ್ಬ ಕನ್ನಡದಲ್ಲಿ ನಿಲ್ಲಿಸು ಎಂದು, ಇನ್ನೊಬ್ಬ "ನಿರ್ತ್" ಎಂದು, ಮೂರನೆಯವನು "ರುಕೋ" ಎಂದು ಕೂಗುತ್ತಾ ಇರುವಾಗ ಯಾರೂ ನಿಲ್ಲಿಸಿರುವುದಿಲ್ಲ. ಕೈ ಮೇಲೆತ್ತಿದರೆ ಬಂದ್, ಮೂರು ಭಾಷೆಗೂ ಅದೊಂದೇ.

ಹೋಸು ಹಿಡಿದವನಿಗೆ ಗಮ್‌ಬೂಟು, ದಪ್ಪ ಗ್ಲೌಸು, ಮುಖಕ್ಕೆ ಕವಚ ಇರಲಿ. ಆ ನೀರು ಚರ್ಮ ತೂರಿದರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಕೊಳೆನೀರು ಹರಡಿರುತ್ತದೆ. ಬ್ಯಾಂಡೇಜು ಸುತ್ತಿ ಮನೆಗೆ ಕಳಿಸಬೇಡಿ. ನೇರ ಆಸ್ಪತ್ರೆಗೆ ಒಯ್ದು ಹೈ ಪ್ರೆಶರ್ ಕೊಳೆನೀರು ಒಳಗೆ ಹೋಗಿದೆ ಎಂದೇ ಹೇಳಿ. ಕಾಲಲ್ಲಿ ಗಾಯ ಇರುವವರು ಈ ಕೆಲಸಕ್ಕೆ ಬೇಡ, ಇಲಿಜ್ವರ ಬರುವುದು ಇಂಥ ನೀರಿನಿಂದಲೇ. ಕೆಲಸವಾಗಿ ಒಂದೆರಡು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಈ ಕೆಲಸದ ವಿಷಯ ಹೇಳಬೇಕು.

ಹಿಂದಿನ ದಿನ ನಿಮ್ಮ ಹುಡುಗರು ಪೈಪಿಗೆ ಆಸಿಡ್ ಸುರಿದಿದ್ದರೆ ಮುಚ್ಚಿಡಬೇಡಿ, ಆಪರೇಟರಿಗೆ ಹೇಳಿ. ಆ ನೀರು ಮುಖಕ್ಕೆ ಎರಚುವುದು ಅವನಿಗೆ. ಆಸಿಡ್ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ ಎಂಬುದೂ ಗೊತ್ತಿರಲಿ.

8. ಕನ್ನಡಿ ಹಿಡಿದು ನೋಡಿ, ಆಮೇಲೆ ದುಡ್ಡು ಕೊಡಿ

ಕ್ಯಾಮೆರಾ ಇದ್ದರೆ ಒಳ್ಳೆಯದು, ವಿಡಿಯೋ ಕೇಳಿ ಪಡೆಯಿರಿ. ಇಲ್ಲದಿದ್ದರೆ ಹಳೆಯ ಉಪಾಯ ಸಾಕು. ನೇರ ಇರುವ ಲೈನಿನ ಒಂದು ಚೇಂಬರಿನಲ್ಲಿ ಕೋಲಿಗೆ ಟಾರ್ಚು ಕಟ್ಟಿ ಪೈಪಿನ ಬಾಯಿಗೆ ಹಿಡಿಯಿರಿ. ಇನ್ನೊಂದರಲ್ಲಿ ಕೋಲಿಗೆ ಕಟ್ಟಿದ ಕನ್ನಡಿಯನ್ನು ಓರೆಯಾಗಿ ಇಳಿಸಿ ಮೇಲಿನಿಂದ ನೋಡಿ. ಹುಣ್ಣಿಮೆಯ ಚಂದ್ರನಂತೆ ಪೂರ್ತಿ ದುಂಡಗೆ ಬೆಳಕು ಕಂಡರೆ ಪೈಪು ಕ್ಲೀನು. ಅಂಚು ಸುತ್ತ ಕೊರೆದಂತೆ ಕಂಡರೆ ಕೊಬ್ಬು ಉಳಿದಿದೆ, ಇನ್ನೊಂದು ಸಲ ಹೊಡೆಯಲಿ. ಚಂದ್ರನ ಕೆಳಗಿನ ಅರ್ಧ ಇಲ್ಲದಿದ್ದರೆ ಪೈಪು ನಡುವೆ ತಗ್ಗಿ ಅಲ್ಲಿ ನೀರು ನಿಂತಿದೆ. ಅದು ಜೆಟ್ಟಿನಿಂದ ಸರಿಯಾಗುವ ಕಾಯಿಲೆಯಲ್ಲ.

ಕೊನೆಗೆ ಪ್ಲಗ್ ತೆಗೆಯುವ ಮೊದಲು ಚೇಂಬರನ್ನು ತಳದವರೆಗೆ ಹೀರಿಸಿ. ಗ್ರೀಸ್ ಟ್ರ್ಯಾಪಿಗೆ ನೀರು ತುಂಬಿಸಿ, ಖಾಲಿ ಬಿಟ್ಟರೆ ಮೊದಲ ದಿನದ ಎಣ್ಣೆ ಸೀದಾ ದಾಟುತ್ತದೆ.

9. ಮತ್ತೆ ಯಾವಾಗ?

ಅಡುಗೆಮನೆಯ ಲೈನಿಗೆ ಆರು ತಿಂಗಳು, ಟಾಯ್ಲೆಟ್ಟಿನ ಲೈನಿಗೆ ವರ್ಷ ಅಥವಾ ಇನ್ನೂ ಜಾಸ್ತಿ. ಆದರೆ ಕ್ಯಾಲೆಂಡರಿಗಿಂತ ಕೋಲು ಚೆನ್ನಾಗಿ ಹೇಳುತ್ತದೆ. ವಾರಕ್ಕೊಮ್ಮೆ ಗ್ರೀಸ್ ಟ್ರ್ಯಾಪಿಗೆ ಕೋಲು ಇಳಿಸಿ. ಮೇಲಿನ ಎಣ್ಣೆ ಮತ್ತು ತಳದ ಗಸಿ ಸೇರಿ ಒಟ್ಟು ಆಳದ ಕಾಲು ಭಾಗ ಆಗಿದ್ದರೆ ಆ ದಿನವೇ ಖಾಲಿ ಮಾಡಿ. ಉಪಯೋಗಿಸಿದ ಎಣ್ಣೆಯನ್ನು ಸಿಂಕಿಗೆ ಹೊಯ್ಯದೆ ಡಬ್ಬಿಯಲ್ಲಿ ತೆಗೆದಿಡಿ, ಕೊಳ್ಳುವವರಿದ್ದಾರೆ. ಗಂಜಿ ದನಕ್ಕೆ ಹೋಗುವುದಾದರೆ ಹೋಗಲಿ.

ಇಷ್ಟೆಲ್ಲ ಮಾಡಿಯೂ ಮೂರು ತಿಂಗಳಲ್ಲಿ ಅದೇ ಜಾಗದಲ್ಲಿ ಕಟ್ಟಿದರೆ ಮೂರನೇ ಸಲ ಮೆಷಿನ್ ಕರೆಸಬೇಡಿ. ಬರೆದಿಟ್ಟ ಮೀಟರ್ ಲೆಕ್ಕ ತೆಗೆದು, ಅಂಗಳದಲ್ಲಿ ಅಳೆದು, ಅಲ್ಲಿ ಅಗೆಸಿ. ನಾಲ್ಕು ಇಂಚಿನ ಪೈಪಿಗೆ ನಲವತ್ತರಿಂದ ಅರವತ್ತು ಅಡಿಗೆ ಒಂದಡಿ ಇಳಿಜಾರು ಬೇಕು. ಲೆವೆಲ್ ಟ್ಯೂಬು ಹಿಡಿದು ನೋಡಿ ಹೊಸ ತುಂಡು ಕೂರಿಸಿ, ತಿರುವು ಇರುವ ಕಡೆ ಒಂದು ಹೊಸ ಚೇಂಬರೂ ಕಟ್ಟಿಸಿ. ಮೇಲೆ ಟೈಲ್ಸ್ ಹಾಕಲು ಬಂದವನಿಗೆ ಅದರ ಮುಚ್ಚಳ ತೋರಿಸಿಯೇ ಕೆಲಸ ಶುರು ಮಾಡಿಸಿ.